ಬ್ಯಾಕಪ್ ಇದೆ, ವಾಪಸ್ ತರುವುದು ಹೇಗೆ?

ಬ್ಯಾಕಪ್ಪೇ ಇಲ್ಲದವರ ಕಷ್ಟ ಅರ್ಥವಾಗುತ್ತದೆ. ಬ್ಯಾಕಪ್ ಇಟ್ಟುಕೊಂಡು, ವಾಪಸ್ ತರುವಾಗ ಹಳೆಯ ಪ್ರತಿಯನ್ನು ಹೊಸದರ ಮೇಲೆ ಸುರಿದು ಎರಡನ್ನೂ ಹಾಳುಮಾಡಿಕೊಳ್ಳುವವರಿಗೆ ಏನು ಹೇಳುವುದು? ಈ ಲೇಖನ ವಿಂಡೋಸ್ ಇರುವ ಮನೆ ಕಂಪ್ಯೂಟರಿಗೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 11ಕ್ಕೆ ಹೋಗುವವರು ಮೊದಲು ಇಷ್ಟು ಮಾಡಿಕೊಳ್ಳಿ.

ಮೊದಲು ಡಿಸ್ಕ್. 1 ಟಿಬಿಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಬಹುತೇಕ ಮನೆಗಳಿಗೆ ಸಾಕು. ಮುಂಬಯಿಯ ಲ್ಯಾಮಿಂಗ್ಟನ್ ರೋಡಿಗೆ ಹೋದರೆ ಬಿಲ್ಲು, ವಾರಂಟಿ ಕೊಡುವ ಅಂಗಡಿಯಲ್ಲೇ ಕೊಳ್ಳಿ. ಕೆಲವೇ ನೂರು ರೂಪಾಯಿಗೆ ಸಿಗುವ '2 ಟಿಬಿ ಪೆನ್‌ಡ್ರೈವ್' ಶುದ್ಧ ಮೋಸ. ಒಳಗಿರುವ ಚಿಪ್ಪಿನ ಜಾಗ ತೀರಾ ಕಡಿಮೆ. ಅದು ತುಂಬಿದ ಮೇಲೂ 'ಕಾಪಿ ಆಯಿತು' ಎಂದೇ ತೋರಿಸುತ್ತದೆ, ತೆರೆದರೆ ಫೈಲು ಖಾಲಿ. ಅನುಮಾನ ಬಂದರೆ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಪರೀಕ್ಷಿಸಿ. ಹೊಸ ಡಿಸ್ಕನ್ನು ಎನ್‌ಟಿಎಫ್‌ಎಸ್‌ಗೆ (ಡಿಸ್ಕಿನಲ್ಲಿ ಫೈಲು ಜೋಡಿಸುವ ಒಂದು ಕ್ರಮ) ಫಾರ್ಮ್ಯಾಟ್ ಮಾಡಿ. ಹಳೆಯ ಕ್ರಮವಾದ ಎಫ್‌ಎಟಿ32ರಲ್ಲಿ 4 ಜಿಬಿ ದಾಟಿದ ಮದುವೆ ವಿಡಿಯೊ ಹಿಡಿಸುವುದಿಲ್ಲ.

ಎರಡನೆಯದು ಸುಲಭ: ಕಂಟ್ರೋಲ್ ಪ್ಯಾನೆಲ್, ಫೈಲ್ ಹಿಸ್ಟರಿ (ವಿಂಡೋಸಿನಲ್ಲೇ ಇರುವ ಬ್ಯಾಕಪ್ ಸೌಲಭ್ಯ), ಟರ್ನ್ ಆನ್. ಮೊದಲ ಸಲ ರಾತ್ರಿಯಿಡೀ ಬಿಡಿ.

ಇದರ ಬಲೆಗೆ ಬೀಳದ ವಸ್ತುಗಳಿವೆ. ಫೈಲ್ ಹಿಸ್ಟರಿ ನೋಡುವುದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್‌ನಂಥ ಲೈಬ್ರರಿಗಳನ್ನು ಮಾತ್ರ. ಡಿ ಡ್ರೈವಿನಲ್ಲಿ ನೀವೇ ಮಾಡಿಕೊಂಡ ಫೋಲ್ಡರ್ ಬೇಕೆಂದರೆ, ಅದರ ಮೇಲೆ ರೈಟ್ ಕ್ಲಿಕ್ ಮಾಡಿ 'ಇನ್‌ಕ್ಲೂಡ್ ಇನ್ ಲೈಬ್ರರಿ' ಕೊಡಿ. ಮೈಕ್ರೋಸಾಫ್ಟ್‌ನ ಆನ್‌ಲೈನ್ ಸಂಗ್ರಹವಾದ ಒನ್‌ಡ್ರೈವಿನಲ್ಲಿ ಮೋಡದ ಗುರುತಿರುವ ಫೈಲು ನಿಮ್ಮ ಕಂಪ್ಯೂಟರಿನಲ್ಲಿ ಇಲ್ಲವೇ ಇಲ್ಲ. 'ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್' ಒತ್ತಿ ಇಳಿಸಿಕೊಳ್ಳಿ. (ಒನ್‌ಡ್ರೈವ್ ಇದೆಯಲ್ಲ, ಬ್ಯಾಕಪ್ ಯಾಕೆ ಎನ್ನುವವರಿಗೆ: ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ.) ಹೋಟೆಲಿನ ಲೆಕ್ಕ ಟ್ಯಾಲಿಪ್ರೈಮ್‌ನಲ್ಲಿದ್ದರೆ ಆಲ್ಟ್ ಮತ್ತು ವೈ ಒತ್ತಿ, ಅದರದೇ ಬ್ಯಾಕಪ್ಪನ್ನು ಡಿಸ್ಕಿಗೆ ತೆಗೆಯಿರಿ.

ನಮ್ಮ ಮುಂಬಯಿ ಕನ್ನಡಿಗರು ಮರೆಯುವುದು ಫಾಂಟ್. ಡೊಂಬಿವಲಿಯಲ್ಲೋ ಮಾಟುಂಗದಲ್ಲೋ ಕನ್ನಡ ಸಂಘದ ಹಳೆಯ ಆಮಂತ್ರಣ, ವರದಿಗಳು ನುಡಿ ಅಥವಾ ಬರಹ ಸಾಫ್ಟ್‌ವೇರಿನ ಹಳೆಯ ಫಾಂಟಿನಲ್ಲಿರುತ್ತವೆ. ಹೊಸ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಕನ್ನಡದ ಬದಲು ವಿಚಿತ್ರ ಇಂಗ್ಲಿಷ್ ಅಕ್ಷರ ಕಾಣುತ್ತದೆ. ಫೈಲು ಕೆಟ್ಟಿಲ್ಲ, ಅಳಿಸಬೇಡಿ. ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್‌ನಿಂದ ಆ ಫಾಂಟುಗಳನ್ನು ಈಗಲೇ ಡಿಸ್ಕಿಗೆ ಕಾಪಿ ಮಾಡಿ.

ಕೆಲಸ ಮುಗಿದ ಮೇಲೆ ಡಿಸ್ಕನ್ನು ಇಜೆಕ್ಟ್ ಮಾಡಿ ಬಿಚ್ಚಿಡಿ. ಸದಾ ಸಿಕ್ಕಿಸಿಟ್ಟರೆ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಅದನ್ನೂ ಬಿಡುವುದಿಲ್ಲ.

ಈಗ ವಾಪಸ್ ತರುವುದು. ಫೈಲ್ ಹಿಸ್ಟರಿಯಲ್ಲಿ 'ರಿಸ್ಟೋರ್ ಪರ್ಸನಲ್ ಫೈಲ್ಸ್' ತೆರೆದರೆ ಕೆಳಗೆ ದೊಡ್ಡ ಹಸಿರು ಬಟನ್ ಕಾಣುತ್ತದೆ. ಅದನ್ನು ಒತ್ತಬೇಡಿ. ಅದು ಫೈಲನ್ನು ಮೂಲ ಜಾಗಕ್ಕೇ ಹಾಕುತ್ತದೆ, ಅಲ್ಲಿ ಅದೇ ಹೆಸರಿನದಿದ್ದರೆ 'ರಿಪ್ಲೇಸ್' ಮಾಡಲೇ ಎಂದು ಕೇಳುತ್ತದೆ. ಅವಸರದಲ್ಲಿ ಹೂಂ ಎಂದರೆ ನಿನ್ನೆಯವರೆಗಿನ ತಿದ್ದುಪಡಿ ಹೋಯಿತು. ಬದಲಿಗೆ ಬೇಕಾದ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ 'ರಿಸ್ಟೋರ್ ಟು' ಆರಿಸಿ, ಡೆಸ್ಕ್‌ಟಾಪಿನಲ್ಲಿ 'ವಾಪಸ್' ಎಂಬ ಹೊಸ ಫೋಲ್ಡರಿಗೆ ಇಳಿಸಿ. ತೆರೆದು ನೋಡಿ, ಸರಿಯಿದ್ದರೆ ಆಮೇಲೆ ನೀವೇ ಸ್ವಸ್ಥಾನಕ್ಕೆ ಸಾಗಿಸಿ. ಟ್ಯಾಲಿಗೂ ಇದೇ ನಿಯಮ: ಈಗಿನ ಕಂಪನಿಯ ಡೇಟಾ ಇರುವ ಫೋಲ್ಡರ್ ಬಿಟ್ಟು ಬೇರೆಡೆಗೆ ರಿಸ್ಟೋರ್ ಮಾಡಿ.

ಕಂಪ್ಯೂಟರೇ ಸತ್ತಿದ್ದರೂ ಹೆದರಬೇಕಿಲ್ಲ. ಡಿಸ್ಕನ್ನು ಯಾವುದೇ ವಿಂಡೋಸ್ ಕಂಪ್ಯೂಟರಿಗೆ ಸಿಕ್ಕಿಸಿ, 'ಫೈಲ್‌ಹಿಸ್ಟರಿ' ಫೋಲ್ಡರಿನೊಳಗೆ ಇಳಿಯುತ್ತ ಹೋದರೆ ಡೇಟಾ, ಸಿ, ಯೂಸರ್ಸ್ ಸಿಗುತ್ತವೆ. ಒಂದೇ ಫೈಲಿನ ಹಲವು ಪ್ರತಿಗಳಿರುತ್ತವೆ, ಹೆಸರಿನ ಕೊನೆಗೆ ತಾರೀಕು ಮತ್ತು ಯುಟಿಸಿ (ಜಾಗತಿಕ) ವೇಳೆ. ಅದಕ್ಕೆ ಐದೂವರೆ ಗಂಟೆ ಸೇರಿಸಿದರೆ ನಮ್ಮ ವೇಳೆ. ಬೆಳಗಿನ 9ಕ್ಕೆ ಬ್ಯಾಕಪ್ ಆದದ್ದು 3:30 ಎಂದು ಕಂಡರೆ ಗಲಿಬಿಲಿ ಬೇಡ. ಒಂದೆರಡು ಫೈಲಿಗೆ ಈ ದಾರಿ ಸಾಕು. ಎಲ್ಲವೂ ಬೇಕಿದ್ದರೆ ಹೊಸ ಕಂಪ್ಯೂಟರಿನಲ್ಲಿ ಫೈಲ್ ಹಿಸ್ಟರಿ ಶುರುಮಾಡುವಾಗ, ಹಿಂದಿನ ಬ್ಯಾಕಪ್ ಬಳಸುತ್ತೇನೆ ಎಂಬ ಚೌಕಕ್ಕೆ ಟಿಕ್ ಹಾಕಿ. ಆಗ ಹೆಸರುಗಳಿಗೆ ತಾರೀಕಿನ ಬಾಲವಿರುವುದಿಲ್ಲ.

ವಿಂಡೋಸನ್ನೇ ಮತ್ತೆ ಹಾಕಬೇಕಾದರೆ 8 ಜಿಬಿ ಪೆನ್‌ಡ್ರೈವ್, ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಇದ್ದರಾಯಿತು. ಇಡೀ ಸಿಸ್ಟಮ್ಮಿನ ಇಮೇಜ್ (ಪಡಿಯಚ್ಚು) ತೆಗೆದಿಡುವ ಹಳೆಯ ಪದ್ಧತಿ ಮನೆಗೆ ಬೇಡ. ಹೊಸ ಡಿಸ್ಕ್ ಮೊದಲಿನದಕ್ಕಿಂತ ಚಿಕ್ಕದಾದರೆ ಅದು ಕೂರುವುದೇ ಇಲ್ಲ. ಇನ್‌ಸ್ಟಾಲ್ ಮಾಡುವಾಗ ಬ್ಯಾಕಪ್ ಡಿಸ್ಕನ್ನು ಕಡ್ಡಾಯವಾಗಿ ತೆಗೆದಿಡಿ. ಪಟ್ಟಿಯಲ್ಲಿ ಡಿಸ್ಕ್ 0, ಡಿಸ್ಕ್ 1 ಎಂದು ಕಾಣುವುದರಿಂದ ತಪ್ಪಿದ್ದಕ್ಕೆ ಫಾರ್ಮ್ಯಾಟ್ ಒತ್ತುವವರಿದ್ದಾರೆ. ರಿಪೇರಿಗೆ ಕೊಡುವ ಮುನ್ನ ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯವಾದ ಬಿಟ್‌ಲಾಕರಿನ 48 ಅಂಕಿಗಳ ಕೀಲಿಯನ್ನು ಮೈಕ್ರೋಸಾಫ್ಟ್ ಖಾತೆಯಿಂದ ಕಾಗದದಲ್ಲಿ ಬರೆದುಕೊಳ್ಳಿ. ಮದರ್‌ಬೋರ್ಡ್ ಬದಲಾದರೆ ಅದನ್ನು ಕೇಳುತ್ತದೆ. ಕೀಲಿ ಇಲ್ಲದೆ ಯಾವ ಅಂಗಡಿಯವನೂ ತೆರೆಯಲಾರ.

ಎರಡನೇ ಡಿಸ್ಕ್ ಕೊಂಡರೆ ಅದು ಬೇರೆ ಮನೆಯಲ್ಲಿರಲಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಿತ್ತು. ನೆಲಮಹಡಿಯವರು ಮೇಲಿನ ಮಹಡಿಯ ನೆಂಟರಿಗೆ ಕೊಟ್ಟಿಡಿ, ಜೊತೆಗೊಂದು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ತಿಂಗಳಿಗೊಮ್ಮೆ ತಂದು ಎರಡನ್ನೂ ಅದಲುಬದಲು ಮಾಡಿ.