ಸ್ಕ್ಯಾನ್ ಮಾಡಿದ ಕಾಗದವೂ ಕಾಗದವೇ

ನಮ್ಮ ವಿಶ್ವವಿದ್ಯಾಲಯದಲ್ಲಿ ಹೊಸ ಪತ್ರಿಕೆಗಳ, ಅಂದರೆ ಹೊಸ ಕೋರ್ಸುಗಳ, ಪ್ರಸ್ತಾವನೆಯನ್ನು ಆನ್‌ಲೈನ್‌ಗೆ ತರಬೇಕು ಎಂದಾಗ ಎಲ್ಲರ ಬಾಯಲ್ಲೂ ಒಂದೇ ಮಾತು: ಸಹಿಯಾದ ಕಡತ ಸ್ಕ್ಯಾನ್ ಮಾಡಿ ಮೇಲ್ ಹಾಕಿದರಾಯಿತಲ್ಲ! ಆಗುವುದಿಲ್ಲ. ಆ ಸ್ಕ್ಯಾನ್ ನೋಡಿಕೊಂಡು ಕಚೇರಿಯಲ್ಲಿ ಕಡತ ನೋಡಿಕೊಳ್ಳುವ ವಿಷಯ ನಿರ್ವಾಹಕರು ಮತ್ತೆ ಟೈಪ್ ಮಾಡಬೇಕು, ಪರೀಕ್ಷಾ ವಿಭಾಗದವರು ಇನ್ನೊಮ್ಮೆ. ಮೂರು ಕಡೆ ಟೈಪಾದ ಪಠ್ಯಕ್ರಮ ಮೂರು ಥರ ಇರುತ್ತದೆ.

ಹಾಗಾಗಿ ಪ್ರಸ್ತಾವನೆಯನ್ನೇ ಕಾಲಂಗಳಾಗಿ ಒಡೆದೆವು. ಶೀರ್ಷಿಕೆ ಕನ್ನಡದಲ್ಲೊಂದು, ಇಂಗ್ಲಿಷಿನಲ್ಲೊಂದು; ಸೆಮಿಸ್ಟರ್; ಉಪನ್ಯಾಸ, ಟ್ಯುಟೋರಿಯಲ್, ಪ್ರಾಯೋಗಿಕಕ್ಕೆ ಬೇರೆ ಬೇರೆ ಕ್ರೆಡಿಟ್; ಘಟಕವಾರು ಗಂಟೆ; ಆಂತರಿಕ ಅಂಕ, ಪರೀಕ್ಷೆಯ ಅಂಕ; ಪರಾಮರ್ಶನ ಗ್ರಂಥಗಳು ಒಂದೊಂದು ಸಾಲಿಗೆ ಒಂದೊಂದು. ಪತ್ರಿಕೆಯ ಕೋಡ್ ಮಾತ್ರ ವಿಭಾಗದವರ ಕೈಗೆ ಕೊಡಲಿಲ್ಲ, ಅನುಮೋದನೆಯಾದ ಮೇಲೆ ವ್ಯವಸ್ಥೆಯೇ ಕೊಡುತ್ತದೆ.

ಗಂಟೆಯ ಲೆಕ್ಕದಲ್ಲಿ ಮೊದಲ ವಾರವೇ ಎಡವಿದೆವು. 3 ಕ್ರೆಡಿಟ್‌ನ ಥಿಯರಿ ಪತ್ರಿಕೆಗೆ ಕೆಲವರು 42 ಗಂಟೆ ಬರೆಯುತ್ತಾರೆ, ಕೆಲವರು 45. ಎರಡಕ್ಕೂ ಆಧಾರವಿದೆ: ಒಂದು ಕ್ರೆಡಿಟ್‌ಗೆ ವಾರಕ್ಕೊಂದು ಗಂಟೆ ಪಾಠದಂತೆ ಸೆಮಿಸ್ಟರಿಗೆ 14 ವಾರ ಹಿಡಿದರೆ 42, 15 ಹಿಡಿದರೆ 45. ಯಾವುದೆಂದು ಸುತ್ತೋಲೆಯಲ್ಲಿ ಮೊದಲೇ ಹೇಳದಿದ್ದರೆ ಫಾರಂ ಅರ್ಧದಷ್ಟು ಪ್ರಸ್ತಾವನೆಗಳನ್ನು ವಾಪಸ್ ತಳ್ಳುತ್ತದೆ, ಬೈಗುಳ ತಂತ್ರಾಂಶಕ್ಕೆ ಬೀಳುತ್ತದೆ.

ಇದಕ್ಕಿಂತ ದೊಡ್ಡ ತಲೆನೋವು ನುಡಿ ಫಾಂಟ್. ಹಳೆಯ ಪಠ್ಯಕ್ರಮಗಳೆಲ್ಲ ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ನುಡಿಯಲ್ಲಿದ್ದವು. ಅಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಕಾಲಂಗೆ ಪೇಸ್ಟ್ ಮಾಡಿದರೆ 'ಕನ್ನಡ' ಎಂಬ ಪದವೇ ನಡುವೆ ಪೌಂಡ್ ಚಿಹ್ನೆ ಸಿಕ್ಕಿಸಿಕೊಂಡ ಗೋಜಲು. ನುಡಿಯನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕ ಬಳಸಿದಿರೋ, ಅರ್ಕಾವತ್ತು ಜಾಗ ತಪ್ಪಬಹುದು. ನುಡಿಯಲ್ಲಿ ಅದು ಕಣ್ಣಿಗೆ ಕಾಣುವ ಹಾಗೆ ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ಮೊದಲು ಬರಬೇಕು. ಅದಕ್ಕೇ 'ಅರ್ಥಶಾಸ್ತ್ರ' ಹೋಗಿ 'ಅಥರ್ಶಾಸ್ತ್ರ' ಆಗುವುದು, 'ವರ್ಷ' ಹೋಗಿ 'ವಷರ್' ಆಗುವುದು. ಪರಿವರ್ತನೆಯಾದ ಕೂಡಲೇ ಈ ಎರಡನ್ನು ಹುಡುಕಿ; ಒಂದು ಸಿಕ್ಕಿದರೂ ಇಡೀ ಕಡತ ಓದಿ. ಇನ್ನೊಂದು: ಅದೇ ಕಡತದಲ್ಲಿರುವ ಇಂಗ್ಲಿಷ್ ಪುಸ್ತಕಗಳ ಹೆಸರನ್ನೂ ಪರಿವರ್ತಕ ಕನ್ನಡವೆಂದೇ ತಿಳಿದು ಚಿಂದಿ ಮಾಡುತ್ತದೆ. ಗ್ರಂಥಗಳ ಪಟ್ಟಿಯನ್ನು ಮೊದಲೇ ಬೇರ್ಪಡಿಸಿಟ್ಟುಕೊಂಡರೆ ಒಂದು ದಿನದ ಕೆಲಸ ಉಳಿಯುತ್ತದೆ.

ಕಡತ ಸಾಗುವ ದಾರಿ ಬದಲಾಗಲಿಲ್ಲ. ಅಧ್ಯಯನ ಮಂಡಳಿ, ನಿಕಾಯ (ಫ್ಯಾಕಲ್ಟಿ), ವಿದ್ಯಾವಿಷಯಕ ಪರಿಷತ್ತು — ಸಭೆಗಳು ಸಭೆಗಳಾಗಿಯೇ ಇವೆ. ತೆಗೆದದ್ದು ನಡುನಡುವಿನ 'ಮುಂದಿನ ಕ್ರಮಕ್ಕಾಗಿ' ಸಹಿಗಳನ್ನು. ತೀರ್ಮಾನ ಮಾಡದ ಸಹಿ ಎಲೆಕ್ಟ್ರಾನಿಕ್ ದಾರಿಯಲ್ಲಿ ಬರೀ ತಡೆಗೇಟು.

ಲಾಗಿನ್ ಕೊಡುವಾಗ ವ್ಯಕ್ತಿಗೆ ಕೊಡಬೇಡಿ, ಹುದ್ದೆಗೆ ಕೊಡಿ. ಮಂಡಳಿಯ ಅಧ್ಯಕ್ಷರು ಬದಲಾಗುತ್ತಾರೆ. ಸ್ವಂತ ಇಮೇಲ್ ಕೊಟ್ಟಿದ್ದರೆ ನಿವೃತ್ತರಾದವರ ಇನ್‌ಬಾಕ್ಸ್‌ನಲ್ಲಿ ಪ್ರಸ್ತಾವನೆ ತಣ್ಣಗೆ ಕೂತಿರುತ್ತದೆ. ಡಿಜಿಟಲ್ ಸಹಿಗೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಬೆಂಬಲವಿದೆ, ಆದರೆ ಹಾಗೆ ಸಹಿಯಾದ ಪಿಡಿಎಫ್ ಪ್ರಿಂಟ್ ತೆಗೆದು ಮತ್ತೆ ಸ್ಕ್ಯಾನ್ ಮಾಡಿದರೆ ಉಳಿಯುವುದು ಸಹಿಯ ಚಿತ್ರ, ಸಹಿಯಲ್ಲ. ಇದನ್ನು ಪ್ರತಿ ತರಬೇತಿಯಲ್ಲೂ ಮಾಡಿ ತೋರಿಸಬೇಕಾಯಿತು.

ಮಲೆನಾಡಿನ ಮಳೆಗಾಲದ ಲೆಕ್ಕವೇ ಬೇರೆ. ಜೂನ್‌ನಿಂದ ಆಗಸ್ಟ್‌ವರೆಗೆ ತೀರ್ಥಹಳ್ಳಿ, ಹೊಸನಗರದ ಕಡೆ ಮರ ಬಿದ್ದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಕೊನೆಯಲ್ಲಿ ಒಂದೇ 'ಸಲ್ಲಿಸು' ಗುಂಡಿಯಿರುವ ಉದ್ದದ ಫಾರಂ ಇಲ್ಲಿ ನಡೆಯದು. ಪ್ರತಿ ಕಾಲಂ ತುಂಬಿದ ಕೂಡಲೇ ಕರಡಾಗಿ ಉಳಿಯಬೇಕು. ಲಗತ್ತಿಗೆ 1 ಎಂಬಿ ಮಿತಿ ಸಾಕು. ಕೊನೆಯ ದಿನಾಂಕವನ್ನು ಮಾರ್ಚ್‌ಗೆ ತಂದೆವು, ವೇಳೆಯನ್ನು ಮಧ್ಯರಾತ್ರಿಯಿಂದ ಮಧ್ಯಾಹ್ನ 3ಕ್ಕೆ. ನಡುವೆ ಸಿಕ್ಕಿಹಾಕಿಕೊಂಡವರು ಫೋನ್ ಮಾಡಿದರೆ ಎತ್ತುವವರು ಆ ಹೊತ್ತಿಗೆ ಕಚೇರಿಯಲ್ಲಿರುತ್ತಾರೆ.

ಒಂದು ತಪ್ಪು ಮಾಡಿದೆವು: ಒಂದು ಸುತ್ತು ಕಾಗದ, ಆನ್‌ಲೈನ್ ಎರಡನ್ನೂ ನಡೆಸಿದೆವು. ಸಭೆಯಲ್ಲಿ ಪೆನ್ನಿನಿಂದ ತಿದ್ದಿದ್ದು ವ್ಯವಸ್ಥೆಗೆ ಏರಲೇ ಇಲ್ಲ. ಈಗ ಪ್ರಿಂಟ್ ಬೇಕೆಂದವರಿಗೆ ವ್ಯವಸ್ಥೆಯಿಂದಲೇ ತೆಗೆದು ಕೊಡುತ್ತೇವೆ, ಪ್ರತಿ ಪುಟದ ಅಡಿಯಲ್ಲಿ ಆವೃತ್ತಿ ಸಂಖ್ಯೆ, ದಿನಾಂಕ ಇರುತ್ತದೆ. ತಿದ್ದುಪಡಿ ಇದ್ದರೆ ಸಭೆ ಮುಗಿಯುವ ಮೊದಲೇ ಅಲ್ಲೇ ಪರದೆಯ ಮೇಲೆ ತಿದ್ದಿ, ಆವೃತ್ತಿ 2 ಎಂದು ಉಳಿಸಿ, ಆ ಸಂಖ್ಯೆಯನ್ನೇ ನಡಾವಳಿಯಲ್ಲಿ ಬರೆಯುತ್ತೇವೆ.