ಕೂಲಿ ಪುಸ್ತಕದಲ್ಲಿ ಸಿಕ್ಕ ಗರ್ಭಚೀಲದ ಲೆಕ್ಕ

ಕೂಲಿ ಮಾಡುವ ಹೆಣ್ಣುಮಕ್ಕಳನ್ನು ಸಂಘಟಿಸುವುದು ನನ್ನ ಕೆಲಸ. ರಾಣೆಬೆನ್ನೂರು ತಾಲ್ಲೂಕಿನ ತಾಂಡಾಗಳು, ಬ್ಯಾಡಗಿ ಸುತ್ತಲಿನ ಕೇರಿಗಳು, ಈಚೆಗೆ ಕಲಘಟಗಿ ಕಡೆಯ ಸಿದ್ದಿಗಳ ಮನೆಗಳು, ಇಷ್ಟು ನನ್ನ ಓಡಾಟದ ಸೀಮೆ. ಶುರುವಿನಲ್ಲಿ ನಮ್ಮ ಕೈಯಲ್ಲಿದ್ದದ್ದು ಕೂಲಿಯ ಪ್ರಶ್ನೆ ಒಂದೇ. ಗಂಡಾಳಿಗೆ 500 ಕೊಡುವ ಹೊಲದಲ್ಲೇ ಹೆಣ್ಣಾಳಿಗೆ 300 ಕೊಡುತ್ತಿದ್ದರು. 'ಮೊದಲಿಂದ ನಡದ ಬಂದೈತಿ' ಅನ್ನುವುದು ಹೊಲದವರ ಉತ್ತರ. ಸಮಾನ ವೇತನ ಕಾಯ್ದೆ ಬಂದದ್ದು 1976ರಲ್ಲಿ. ನಾನು ಭೇಟಿಯಾದ ಎಷ್ಟೋ ಹೆಣ್ಣುಮಕ್ಕಳು ಹುಟ್ಟುವ ಮೊದಲೇ ಆ ಕಾನೂನು ಇತ್ತು.

ಹಾವೇರಿ ಜಿಲ್ಲೆಯ ಬೀಜೋತ್ಪಾದನೆಯನ್ನು ಹತ್ತಿರದಿಂದ ನೋಡದವರಿಗೆ ಮುಂದಿನ ಮಾತು ಅರ್ಥವಾಗುವುದು ಕಷ್ಟ. ಹತ್ತಿ, ಟೊಮೆಟೊ, ಮೆಣಸಿನಕಾಯಿ, ಬೆಂಡಿ ಹೀಗೆ ಹಲವು ಬೆಳೆಗಳ ಹೈಬ್ರಿಡ್ ಬೀಜ ಇಲ್ಲಿ ಹೆಣ್ಣುಮಕ್ಕಳ ಬೆರಳ ತುದಿಯಲ್ಲಿ ತಯಾರಾಗುತ್ತದೆ. ಹತ್ತಿ ಕ್ರಾಸಿಂಗ್ ಅಂದರೆ ಹೀಗೆ: ನಾಳೆ ಅರಳುವ ಮೊಗ್ಗನ್ನು ಇಂದು ಮಧ್ಯಾಹ್ನದ ಮೇಲೆ ಹುಡುಕಬೇಕು. ಹೆಬ್ಬೆರಳಿನ ಉಗುರಿನಿಂದ ಬುಡದಲ್ಲಿ ಸೀಳಿ, ಎಸಳಿನ ಜೊತೆಗೇ ಸುತ್ತಲಿನ ಗಂಡುಭಾಗವನ್ನು ಸುಲಿದು ತೆಗೆಯಬೇಕು. ನಡುವಿನ ಎಳೆಗೆ ಉಗುರು ತಾಗಿದರೆ ಮೊಗ್ಗು ಹೋಯಿತು. ಮರುದಿನ ಬೆಳಗ್ಗೆ ಗಂಡುಸಾಲಿನ ಹೂ ತಂದು ಅದಕ್ಕೆ ಸವರಿ ಗುರುತಿಗೆ ದಾರ ಕಟ್ಟಬೇಕು. ಬೆಳಗಿನ ಹೊತ್ತು ತಪ್ಪಿದರೆ ಆ ಮೊಗ್ಗು ಬೀಜ ಕಟ್ಟುವುದಿಲ್ಲ. ಹಾಗಾಗಿ ಹಂಗಾಮಿನಲ್ಲಿ ಒಂದು ದಿನ ತಪ್ಪಿಸಿದವಳಿಗೆ ಆ ದಿನದ ಕೂಲಿಯೂ ಇಲ್ಲ, ಮರುದಿನ ಹೊಲಕ್ಕೆ ಒಯ್ಯುವ ಟಂಟಂ ಗಾಡಿಯಲ್ಲಿ ಜಾಗವೂ ಇಲ್ಲ. ಹೊಲದಲ್ಲಿ ಮರೆಯಿಲ್ಲ, ನೀರಿಲ್ಲ. ಮುಟ್ಟಿನ ಬಟ್ಟೆ ಬದಲಿಸಲು ದಿನವಿಡೀ ಜಾಗ ಸಿಗುವುದಿಲ್ಲ. ಔಷಧ ಹೊಡೆದ ಗಿಡಗಳ ನಡುವೆ ಬೆಳಗಿಂದ ಸಂಜೆತನಕ ನಡು ಬಗ್ಗಿಸಿಕೊಂಡೇ ಇರಬೇಕು.

ಕೂಲಿ ಕೇಳುವುದಕ್ಕೆ ಮೊದಲು ಲೆಕ್ಕ ಬೇಕು ಅಂತ ಒಂದು ಶಾಲೆ ನೋಟುಬುಕ್ಕು ಇಟ್ಟೆವು. ಹೆಸರು, ಯಾರ ಹೊಲ, ಏನು ಕೆಲಸ, ಎಷ್ಟು ಕೊಟ್ಟರು. ಕೆಲಸ ತಪ್ಪಿದ ದಿನಕ್ಕೂ ಒಂದು ಮನೆ ಹಾಕಿ, ಯಾಕೆ ತಪ್ಪಿತು ಅನ್ನುವುದನ್ನು ಅವರವರೇ ಗುರುತು ಮಾಡಲಿ ಅಂದೆವು. ಓದು ಬರಹ ಬಾರದವರು ಚಿಹ್ನೆ ಕಟ್ಟಿಕೊಂಡರು. ಮಕ್ಕಳಿಗೆ ಜ್ವರವಾದರೆ ಸೊನ್ನೆ, ಮುಟ್ಟಿನ ನೋವಿಗೆ ಕೆಂಪು ಚುಕ್ಕಿ, ಆಸ್ಪತ್ರೆಗೆ ಹೋದರೆ ಕೂಡಿಸುವ ಗುರುತು. ಹಂಗಾಮು ಮುಗಿಯುವ ಹೊತ್ತಿಗೆ ಪುಸ್ತಕದ ತುಂಬ ಕೆಂಪು ಚುಕ್ಕಿ. ಆದರೆ ಕೆಲವು ಹೆಸರುಗಳ ಮುಂದೆ ಒಂದೇ ಒಂದು ಚುಕ್ಕಿಯೂ ಇರಲಿಲ್ಲ, ಅವರು ಮುಟ್ಟು ನಿಲ್ಲುವ ವಯಸ್ಸಿನವರೂ ಅಲ್ಲ. ನಾನು ಕೇಳಿದ್ದಕ್ಕೆ ಮೂವತ್ತು ದಾಟದ ಒಬ್ಬ ತಾಯಿ, ಏನೂ ವಿಶೇಷವಿಲ್ಲದ ಸಂಗತಿ ಹೇಳುವ ದನಿಯಲ್ಲಿ ಅಂದಳು:

'ನಂದು ಚೀಲ ತಗಿಸ್ಯಾರ ಯಕ್ಕಾ. ಬಿಳುಪು ಹೋಗತಿತ್ತು, ನಡಾ ನೋಯ್ತಿತ್ತು. ಚೀಲ ಕೆಟ್ಟೈತಿ, ಹಂಗ ಬಿಟ್ರ ಕ್ಯಾನ್ಸರ್ ಆಗತೈತಿ ಅಂದ್ರು. ಹೆಂಗೂ ಮಕ್ಕಳಾಗ್ಯಾವು, ತಿಂಗಳಾ ಕೂಲಿ ತಪ್ಪೂದರೆ ನಿಲ್ಲತೈತಿ ಅಂತ ನಾನೂ ಹೂಂ ಅಂದೆ.'

ಅವಳ ಬಳಿ ಇದ್ದದ್ದು ಒಂದು ಸ್ಕ್ಯಾನ್ ಚೀಟಿ ಮಾತ್ರ. ಖರ್ಚಿಗೆ ಸಾಲ ತಂದಿದ್ದಳು, ಆ ಸಾಲ ಕೊಟ್ಟದ್ದು ಅವಳು ಕ್ರಾಸಿಂಗ್ ಮಾಡುತ್ತಿದ್ದ ಹೊಲದವರೇ. ಸಾಲ ತೀರುವತನಕ ಬೇರೆಯವರ ಹೊಲಕ್ಕೆ ಹೋಗುವಂತಿಲ್ಲ, ಕೂಲಿ ಹೆಚ್ಚು ಕೇಳುವಂತಿಲ್ಲ. ಹೊಲಿಗೆ ಮಾಗುವ ಮೊದಲೇ ಮತ್ತೆ ಹೊಲಕ್ಕೆ ಇಳಿದಿದ್ದಳು. ಕೂಲಿ ಕಡಿಮೆ ಇದ್ದುದರಿಂದ ಗರ್ಭಚೀಲ ಹೋಯಿತು, ಗರ್ಭಚೀಲ ತೆಗೆಸಿದ ಸಾಲದಿಂದ ಕೂಲಿ ಕಡಿಮೆಯಲ್ಲೇ ಉಳಿಯಿತು. ಇದನ್ನು ಕಣ್ಣಾರೆ ಕಂಡ ಮೇಲೆ ಆರೋಗ್ಯಕ್ಕೊಂದು ಸಭೆ, ಕೂಲಿಗೊಂದು ಸಭೆ ಮಾಡುವುದನ್ನು ನಾವು ಬಿಟ್ಟೆವು. ಈಗ ಸಭೆ ಒಂದೇ, ಪುಸ್ತಕವೂ ಒಂದೇ.

ಇದು ನಮ್ಮ ಜಿಲ್ಲೆಯ ಕತೆ ಮಾತ್ರ ಅಲ್ಲ. ಕಲಬುರಗಿ ಜಿಲ್ಲೆಯ ಲಂಬಾಣಿ, ದಲಿತ ಹೆಣ್ಣುಮಕ್ಕಳು ಇದೇ ವಿಷಯಕ್ಕೆ 2015ರ ಹೊತ್ತಿಗೆ ಬೀದಿಗಿಳಿದಿದ್ದರು. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಣ್ಣುಮಕ್ಕಳ ಸುದ್ದಿ 2019ರಲ್ಲಿ ದೇಶಕ್ಕೆಲ್ಲ ಗೊತ್ತಾಯಿತು, ಅಲ್ಲಿ ಒಂದು ದಿನ ತಪ್ಪಿದರೆ ಗುತ್ತಿಗೆದಾರ ದಂಡ ಹಾಕುತ್ತಿದ್ದ. ಡಾ. ನರೇಂದ್ರ ಗುಪ್ತಾ ಎಂಬ ವೈದ್ಯರು ಬಿಹಾರ, ಛತ್ತೀಸಗಡ, ರಾಜಸ್ಥಾನದ ಪ್ರಕರಣ ಹಿಡಿದು ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2023ರ ಏಪ್ರಿಲ್ 5ರಂದು ತೀರ್ಪು ಬಂತು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಆರೋಗ್ಯ ಇಲಾಖೆ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೆ ತರಬೇಕು ಎಂದು ಕೋರ್ಟು ಹೇಳಿತು. ಆ ಮಾರ್ಗಸೂಚಿಯ ಪ್ರಕಾರ ಜಿಲ್ಲಾ ಮಟ್ಟದಲ್ಲೂ ಮೇಲ್ವಿಚಾರಣೆ ಸಮಿತಿ ಇರಬೇಕು. ನಮ್ಮ ಅರ್ಜಿಗಳ ಮೊದಲ ಸಾಲಿನಲ್ಲಿ ಈ ತೀರ್ಪಿನ ತಾರೀಖು ಬರೆಯುತ್ತೇವೆ. ತಾರೀಖು ಇದ್ದ ಅರ್ಜಿಯನ್ನು ಕಚೇರಿಯವರು ಹಾಗೇ ಬದಿಗೆ ಸರಿಸುವುದಿಲ್ಲ.

ಎಲ್ಲ ಶಸ್ತ್ರಚಿಕಿತ್ಸೆಯೂ ತಪ್ಪು ಅಂತ ನಾನು ಎಲ್ಲಿಯೂ ಹೇಳುವುದಿಲ್ಲ. ಕ್ಯಾನ್ಸರ್ ಇದ್ದಾಗ, ದೊಡ್ಡ ಗಡ್ಡೆ ಇದ್ದಾಗ, ಗರ್ಭಚೀಲ ಕೆಳಗೆ ಜಾರಿದಾಗ, ಯಾವ ಔಷಧಕ್ಕೂ ರಕ್ತಸ್ರಾವ ನಿಲ್ಲದಾಗ ಅದು ಜೀವ ಉಳಿಸುತ್ತದೆ. ಆದರೆ ಬಿಳುಪು ಹೋಗುವುದು ಬಹಳ ಸಲ ಸೋಂಕು, ಮಾತ್ರೆಯಲ್ಲಿ ವಾಸಿಯಾಗುತ್ತದೆ, ಕೆಲವು ಸೋಂಕಿಗೆ ಗಂಡನೂ ಮಾತ್ರೆ ತೆಗೆದುಕೊಳ್ಳಬೇಕು. ಹೆಚ್ಚು ರಕ್ತ ಹೋಗುತ್ತಿದ್ದರೆ ಮೊದಲು ರಕ್ತದ ಪ್ರಮಾಣ, ಥೈರಾಯ್ಡ್ ನೋಡಿಸಬೇಕು. ಮಾತ್ರೆಗಳಿವೆ, ಗರ್ಭಚೀಲದೊಳಗೆ ಇಡುವ, ಹಾರ್ಮೋನು ಬಿಡುವ ವಂಕಿ ಇದೆ. ಗರ್ಭಕಂಠದ, ಅಂದರೆ ಗರ್ಭಚೀಲದ ಬಾಯಿಯ ಕ್ಯಾನ್ಸರ್ ಭಯವಿದ್ದರೆ ಅಲ್ಲಿಗೆ ತೆಳುವಾದ ಅಸಿಟಿಕ್ ಆಮ್ಲದ ದ್ರಾವಣ ಹಚ್ಚಿ ನೋಡುವ ಸರಳ ಪರೀಕ್ಷೆ ಇದೆ. ಇವು ಯಾವುದನ್ನೂ ಮಾಡದೆ ಸೀದಾ ಚೀಲಕ್ಕೆ ಕೈ ಹಾಕುವುದು ಅನ್ಯಾಯ. ಜೊತೆಗೆ ಅಂಡಾಶಯವನ್ನೂ ತೆಗೆದರಂತೂ ಮುಟ್ಟು ನಿಂತ ಮೇಲೆ ಬರುವ ತೊಂದರೆಗಳೆಲ್ಲ ಆ ಎಳೆ ವಯಸ್ಸಿಗೇ ಒಟ್ಟಿಗೆ ಬರುತ್ತವೆ: ಎಲುಬು ಸವೆತ, ಮೈ ಕಾವೇರುವುದು, ನಿದ್ದೆಗೇಡು. ಹೃದಯರೋಗದ ಅಪಾಯವೂ ಹೆಚ್ಚು.

ಈ ಮಾತನ್ನು ತಾಂಡಾದಲ್ಲಿ ನಾನು ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದವರು ಈಗಾಗಲೇ ಶಸ್ತ್ರಚಿಕಿತ್ಸೆ ಆದವರು. ಅವರನ್ನು ಮೋಸ ಹೋದವರು ಅಂತ ಮರುಗಿ ಬದಿಗೆ ಕೂರಿಸುವುದು ನನಗೆ ಸರಿಬರುವುದಿಲ್ಲ. ಯಾರಾದರೂ 'ನಾಳಿಗೆ ಆಪರೇಶನ್' ಅಂದ ಕೂಡಲೇ ಅವರಲ್ಲಿ ಒಬ್ಬರು ಜೊತೆಗೆ ಹೋಗುತ್ತಾರೆ. ಒಳಗೆ ಹೋಗಿ ಕೇಳಬೇಕಾದದ್ದನ್ನು ನಾವು ಬಾಯಿಪಾಠ ಮಾಡಿಕೊಂಡಿದ್ದೇವೆ. ಏನು ರೋಗ, ಯಾವ ಪರೀಕ್ಷೆಯಿಂದ ಗೊತ್ತಾಯಿತು? ಔಷಧದಲ್ಲಿ ಆಗುವುದಿಲ್ಲವೇ? ಅಂಡಾಶಯ ಉಳಿಸುತ್ತೀರಾ? ಇವತ್ತೇ ಮಾಡಬೇಕೇ, ವಾರ ತಡೆದರೆ ಏನಾಗುತ್ತದೆ? ಕೊನೆಯ ಪ್ರಶ್ನೆಗೆ 'ಏನೂ ಆಗೂದಿಲ್ಲ' ಅನ್ನುವ ಉತ್ತರ ಬಂದರೆ ಎದ್ದು ಬಂದು ಹುಬ್ಬಳ್ಳಿಯ ಕಿಮ್ಸ್ ಸರ್ಕಾರಿ ಆಸ್ಪತ್ರೆಗೋ ಜಿಲ್ಲಾ ಆಸ್ಪತ್ರೆಗೋ ಎರಡನೇ ಅಭಿಪ್ರಾಯಕ್ಕೆ ಹೋಗುತ್ತೇವೆ.

ಕಾಗದದ ವಿಷಯದಲ್ಲಿ ಮಾತ್ರ ಯಾರಿಗೂ ರಿಯಾಯಿತಿ ಬೇಡ. ರೋಗಿ ಲಿಖಿತವಾಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ವೈದ್ಯರ ವೃತ್ತಿ ನಿಯಮಾವಳಿ 2002ರಿಂದಲೂ ಹೇಳುತ್ತದೆ. ನಾವು ಎರಡು ಪ್ರತಿ ಬರೆದು ಒಂದಕ್ಕೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳುತ್ತೇವೆ. ಗರ್ಭಚೀಲ ತೆಗೆದ ಮೇಲೆ ಅದನ್ನು ಪರೀಕ್ಷೆಗೆ ಕಳಿಸಿದ ವರದಿಯನ್ನೂ ಹೆಸರು ಹೇಳಿ ಕೇಳುತ್ತೇವೆ. ಆ ವರದಿ ಇಲ್ಲದೆ ಕ್ಯಾನ್ಸರ್ ಮಾತು ನಿಜವೋ ಸುಳ್ಳೋ ತಿಳಿಯುವುದಿಲ್ಲ.

ಸಹಿಯ ವಿಷಯ ಇನ್ನೊಂದು. ಗಂಡ ಹೆಬ್ಬೆಟ್ಟು ಒತ್ತಿದರೆ ಮುಗಿಯಿತು ಅನ್ನುವ ರೂಢಿ ಎಲ್ಲ ಕಡೆ ಇದೆ. ಸಮೀರಾ ಕೊಹ್ಲಿ ಎಂಬವರು ತಪಾಸಣೆಗೆಂದು ಮಲಗಿದ್ದಾಗ, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಅವರ ಗರ್ಭಕೋಶ, ಅಂಡಾಶಯ ತೆಗೆದಿದ್ದರು. ಅದು ಒಪ್ಪಿಗೆಯೇ ಅಲ್ಲ ಎಂದು 2008ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಗರ್ಭಪಾತಕ್ಕೂ ಅಷ್ಟೇ, ವಯಸ್ಕ ಹೆಣ್ಣಿನ ಒಪ್ಪಿಗೆ ಒಂದೇ ಸಾಕು, ಗಂಡನ ಸಹಿ ಕಾನೂನು ಕೇಳುವುದಿಲ್ಲ. 2021ರ ತಿದ್ದುಪಡಿಯ ನಂತರ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು, ಕೆಲವು ಸಂದರ್ಭಗಳಲ್ಲಿ ಇಬ್ಬರ ಅಭಿಪ್ರಾಯದ ಮೇಲೆ 24 ವಾರದವರೆಗೂ ಅವಕಾಶವಿದೆ. ಮದುವೆಯಾಗದವರಿಗೂ ಈ ಹಕ್ಕು ಇದೆ ಎಂದು 2022ರ ಸೆಪ್ಟೆಂಬರಿನಲ್ಲಿ ಕೋರ್ಟು ಸ್ಪಷ್ಟ ಮಾಡಿದೆ. ಇದನ್ನೆಲ್ಲ ಮದುವೆಯಾಗದ ಹುಡುಗಿಯರಿಗೆ ಹೇಳುವಾಗ ಊರವರು ನನ್ನನ್ನು ಬೈದಿದ್ದಾರೆ. ನಾನು ಹೇಳುವುದನ್ನು ನಿಲ್ಲಿಸಿಲ್ಲ.

ಕಲಘಟಗಿ ತಾಲ್ಲೂಕಿನ ಸಿದ್ದಿ ಹೆಣ್ಣುಮಕ್ಕಳು ನಮ್ಮೊಂದಿಗೆ ಸೇರಿದ ಮೇಲೆ ಈ ಕೆಲಸಕ್ಕೆ ಇನ್ನೊಂದು ಮುಖ ಬಂತು. ಆಫ್ರಿಕಾದಿಂದ ಗುಲಾಮರಾಗಿ ಬಂದವರ ಮೊಮ್ಮಕ್ಕಳ ಮೊಮ್ಮಕ್ಕಳು ಅವರು. ಕನ್ನಡ, ಕೊಂಕಣಿ ಮಾತಾಡುತ್ತಾರೆ, ಇಲ್ಲಿನ ಗದ್ದೆಯಲ್ಲೇ ದುಡಿಯುತ್ತಾರೆ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು, ಧಾರವಾಡ, ಬೆಳಗಾವಿ ಜಿಲ್ಲೆಯವರು 2020ರತನಕ ಕಾಯಬೇಕಾಯಿತು. ಅವರಲ್ಲಿ ಒಬ್ಬಳ ಜೊತೆ ನಾನು ಆಸ್ಪತ್ರೆಯೊಂದಕ್ಕೆ ಹೋಗಿದ್ದೆ. 'ಯಾವ ದೇಶದಾಕಿ?' ಅಂತ ಮೊದಲ ಪ್ರಶ್ನೆ. ತಲೆಗೂದಲು ಮುಟ್ಟಿ ನೋಡಿದರು. ಒಳಗೆ ಪರೀಕ್ಷೆ ಮಾಡುವಾಗ ಅವಳು ನೋವಿಗೆ ಕೂಗಿದ್ದಕ್ಕೆ, 'ನಿಮ್ಮ ಮಂದಿ ಗಟ್ಟಿ ಇರತೀರಿ, ಸುಮ್ನಿರು' ಅಂದರು. ಅವಳು ಹೊರಗೆ ಬಂದು ಸೆರಗು ಸರಿಮಾಡಿಕೊಂಡು, 'ನಮಗ ನೋವ ಆಗೂದಿಲ್ಲಂತ ಯಾರ ಹೇಳ್ಯಾರ ಇವರಿಗೆ?' ಅಂತ ಕೇಳಿದಳು.

ಈ ಸುಳ್ಳು ಹಳೆಯದು. ಅಮೆರಿಕದ ಅಲಬಾಮಾದಲ್ಲಿ 1840ರ ದಶಕದಲ್ಲಿ ಮೇರಿಯನ್ ಸಿಮ್ಸ್ ಎಂಬ ವೈದ್ಯ ಅನಾರ್ಕಾ, ಲೂಸಿ, ಬೆಟ್ಸಿ ಎಂಬ ಗುಲಾಮ ಹೆಣ್ಣುಮಕ್ಕಳ ಮೇಲೆ ಅರಿವಳಿಕೆ ಕೊಡದೆ ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ ಮಾಡಿದ. ಅವನ ಪ್ರತಿಮೆಯನ್ನು ನ್ಯೂಯಾರ್ಕಿನ ಉದ್ಯಾನದಿಂದ ತೆಗೆದದ್ದು 2018ರಲ್ಲಿ. ಮುಂದಿನ ಸಭೆಯಲ್ಲಿ ಇದನ್ನು ಹೇಳಿ, ಫ್ಯಾನಿ ಲೂ ಹ್ಯಾಮರ್ ಕತೆಯನ್ನೂ ಹೇಳಿದೆ. ಮಿಸಿಸಿಪ್ಪಿಯ ಹತ್ತಿ ತೋಟದಲ್ಲಿ ದುಡಿಯುತ್ತಿದ್ದ ಕಪ್ಪು ಹೆಣ್ಣುಮಗಳು. 1961ರಲ್ಲಿ ಸಣ್ಣ ಗಡ್ಡೆ ತೆಗೆಸಲು ಹೋದಾಗ ಅವಳನ್ನು ಕೇಳದೆಯೇ ಗರ್ಭಕೋಶ ತೆಗೆದರು. ಮರುವರ್ಷ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದದ್ದಕ್ಕೆ ತೋಟದಿಂದಲೇ ಹೊರಹಾಕಿದರು. ಅವಳು ಅಲ್ಲಿಂದ ದೇಶ ಕೇಳುವ ಹೋರಾಟಗಾರ್ತಿಯಾದಳು. ಎಲ್ಲರೂ ಸುಮ್ಮನೆ ಕೇಳುತ್ತಿದ್ದರು. ಹಿಂದೆ ಕೂತಿದ್ದ ಹಿರಿಯ ಲಂಬಾಣಿ ಹೆಂಗಸು ಕೇಳಿದ ಪ್ರಶ್ನೆ ಒಂದೇ:

'ಆಕಿಗಿ ಹತ್ತಿ ಬಿಡಸಾಕ ಕೂಲಿ ಎಷ್ಟ ಕೊಡತಿದ್ರು?'

1965ರಲ್ಲಿ ಆ ಸೀಮೆಯ ಹತ್ತಿ ಹೊಲದ ಕೂಲಿಗಳು ಮುಷ್ಕರ ಹೂಡಿದಾಗ ದಿನಕ್ಕೆ 3 ಡಾಲರ್ ಇತ್ತು, ಅವರು ಕೇಳಿದ್ದು ಗಂಟೆಗೆ 1.25 ಡಾಲರ್. ಇದನ್ನು ಹೇಳಿದ ಕೂಡಲೇ ಹೆಣ್ಣುಮಕ್ಕಳು ಬೆರಳು ಮಡಚಿ ಲೆಕ್ಕ ಹಾಕತೊಡಗಿದರು. ಚಿಕಾಗೋದಲ್ಲಿ 1994ರಲ್ಲಿ 12 ಮಂದಿ ಕಪ್ಪು ಮಹಿಳೆಯರು ಸೇರಿ, ಮಕ್ಕಳು ಬೇಡ ಅನ್ನುವ ಹಕ್ಕು, ಬೇಕು ಅನ್ನುವ ಹಕ್ಕು, ಹುಟ್ಟಿದ ಮಕ್ಕಳನ್ನು ನೆಮ್ಮದಿಯಿಂದ ಸಾಕುವ ಹಕ್ಕು ಇವನ್ನು ಬೇರೆ ಬೇರೆ ಮಾಡಲಾಗದು ಎಂಬ ನಿಲುವಿಗೆ ಬಂದರು. ನಮ್ಮ ಸಭೆ ಆ ನಿಲುವಿಗೆ ಕೂಲಿ ಲೆಕ್ಕದ ದಾರಿಯಿಂದ ಬಂದು ಮುಟ್ಟಿತು.

ಹೊಲದವರ ಜೊತೆ ಮಾತಿಗೆ ಕೂತದ್ದು ಮೊಗ್ಗು ಬಿಡುವ ಮುಂಚೆ. ಆ ಹೊತ್ತು ಬೇಕೆಂದೇ ಆರಿಸಿದ್ದು. ಕ್ರಾಸಿಂಗ್ ಒಂದು ಬೆಳಗ್ಗೆ ನಿಂತರೆ ಎಷ್ಟು ನಷ್ಟ ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಕೂಲಿ ಪುಸ್ತಕ ಮುಂದಿಟ್ಟೆವು. 2024-25ರ ನರೇಗಾ ಕೂಲಿ 349 ರೂಪಾಯಿ, ಗಂಡಿಗೂ ಹೆಣ್ಣಿಗೂ ಒಂದೇ, ನೀವು ಅದಕ್ಕಿಂತ ಕಡಿಮೆ ಯಾಕೆ ಕೊಡುತ್ತೀರಿ ಅಂತ ಕೇಳಿದೆವು. 'ಗಂಡಾಳ ಭಾರ ಹೊರತಾನ' ಅಂದರು ಒಬ್ಬರು. 'ಹಂಗಾರ ನಾಳಿಂದ ಕ್ರಾಸಿಂಗೂ ಅವನ ಕಡಿಂದನ ಮಾಡಸ್ರಿ ಸಾವ್ಕಾರ್ರ' ಅಂತ ನಮ್ಮ ಗುಂಪಿನ ಹುಡುಗಿ ಅಂದಳು. ಸಾವ್ಕಾರರಿಗೆ ಉತ್ತರ ಇರಲಿಲ್ಲ. ಆ ಹಂಗಾಮಿಗೆ 400 ಒಪ್ಪಿದರು. ಹೊಲದ ಬದುವಿನಲ್ಲಿ ಮರೆ, ಕುಡಿಯಲು, ತೊಳೆಯಲು ನೀರು ಇಡುವುದಕ್ಕೂ ಒಪ್ಪಿಗೆ ಸಿಕ್ಕಿತು. ಔಷಧ ಹೊಡೆದ ದಿನ ಆ ಸಾಲಿಗೆ ಇಳಿಯುವುದಿಲ್ಲ ಅನ್ನುವುದನ್ನು ನಾವೇ ಪಾಲಿಸುತ್ತಿದ್ದೇವೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತುಂಬು, ಅಂದರೆ ತೊಟ್ಟು, ಬಿಡಿಸುವವರದು ಕಿಲೋ ಲೆಕ್ಕದ ಕೂಲಿ, ಅಲ್ಲಿ ಇದಿನ್ನೂ ಆರಂಭದಲ್ಲಿದೆ.

ಕೇಳುವುದು ಇನ್ನೂ ಇದೆ. ಮುಟ್ಟಿನ ದಿನ ತಿಂಗಳಿಗೆ ಒಂದು ವೇತನಸಹಿತ ರಜೆ ಕೊಡುವ ನೀತಿಗೆ ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರಿನಲ್ಲಿ ಒಪ್ಪಿತು. ಕಚೇರಿ, ಕಾರ್ಖಾನೆಯ ಹೆಣ್ಣುಮಕ್ಕಳಿಗೆ ಅದು ಸಿಗಲಿ, ಸಂತೋಷ. ದಿನಗೂಲಿಯವಳಿಗೆ ರಜೆ ಕೊಡುವ ಮಾಲೀಕ ಯಾರು? ಅವಳ ಆ ದಿನದ ಕೂಲಿಯನ್ನು ಸರ್ಕಾರ ಒಂದು ನಿಧಿಯಿಂದ ತುಂಬಿಕೊಡಬೇಕು ಅಂತ ನಾವು ಬರೆದುಕೊಟ್ಟಿದ್ದೇವೆ. ಅದೇ ಅರ್ಜಿಯಲ್ಲಿ ಇನ್ನೆರಡು ಬೇಡಿಕೆ: ನಲವತ್ತರೊಳಗಿನ ಹೆಣ್ಣಿನ ಗರ್ಭಚೀಲ ತೆಗೆದ ಪ್ರತಿ ಪ್ರಕರಣವನ್ನೂ ಜಿಲ್ಲಾ ಸಮಿತಿ ಪರಿಶೀಲಿಸಬೇಕು, ಆ ಸಮಿತಿಯಲ್ಲಿ ಲಂಬಾಣಿ, ದಲಿತ, ಸಿದ್ದಿ ಕೂಲಿ ಹೆಣ್ಣುಮಕ್ಕಳು ಕೂರಬೇಕು. ಹಾವೇರಿಯಲ್ಲಿ ಕೊಟ್ಟ ಅರ್ಜಿಗೆ ಸ್ವೀಕೃತಿ ಬಂದಿದೆ, ಉತ್ತರ ಬಂದಿಲ್ಲ. ಧಾರವಾಡದಲ್ಲಿ ಕೊಡುವ ಅರ್ಜಿಗೆ ಸಹಿ ಹಾಕಿಸುವ ಕೆಲಸ ನಡೆದಿದೆ, ಅದನ್ನು ಮನೆಮನೆಗೆ ಒಯ್ಯುತ್ತಿರುವವಳು 'ನಮಗ ನೋವ ಆಗೂದಿಲ್ಲಂತ ಯಾರ ಹೇಳ್ಯಾರ' ಅಂದ ಆ ಸಿದ್ದಿ ತಂಗಿ.