ಈ ಊರ ಬಿಸಿಲು ತಿಂದ ಮರವನ್ನೇ ಕೊಳ್ಳಿ

ಹಳೇ ಮಂಚ, ಹಳೇ ಟೇಬಲ್ ಅಂದರೆ ಮೂಗು ಮುರಿಯುವವರೇ ಹೆಚ್ಚು. ಆದರೆ ದಾವಣಗೆರೆಯಂಥ ಒಣ ಊರಿನಲ್ಲಿ ಎಷ್ಟೋ ಸಲ ಹಳೆಯದೇ ಗಟ್ಟಿ. ಸರಿಯಾಗಿ ಒಣಗದ ಮರದಲ್ಲಿ ಮಾಡಿದ ಹೊಸ ಮಂಚ ಏಪ್ರಿಲ್ ಬಿಸಿಲಿಗೆ ಕುಗ್ಗಿ ಜಾಯಿಂಟು ಬಿಡುತ್ತದೆ, ಹಲಗೆ ಸೀಳುತ್ತದೆ. ಹತ್ತು ಬೇಸಿಗೆ ಇಲ್ಲೇ ಕಳೆದದ್ದು ಕುಗ್ಗುವಷ್ಟು ಕುಗ್ಗಿ ಆಗಿರುತ್ತದೆ. ಹಾಗಾಗಿ ಬೆಲೆ ಕೇಳುವ ಮೊದಲು, ಈ ಸಾಮಾನು ಊರಿಗೆ ಬಂದು ಎಷ್ಟು ವರ್ಷ ಆಯ್ತು ಅಂತ ಕೇಳಿ. ಕರಾವಳಿ ಕಡೆಯಿಂದ ವರ್ಗವಾಗಿ ಬಂದವರದ್ದಾದರೆ ಒಂದಾದರೂ ಬೇಸಿಗೆ ದಾಟಿರಬೇಕು.

ಕೊಳ್ಳುವ ಕಾಲ ಆಷಾಢ. ಮದುವೆ, ಗೃಹಪ್ರವೇಶ ಇಲ್ಲದ ತಿಂಗಳು, ಅಂಗಡಿಯವರು ಮಾತಿಗೆ ಬಗ್ಗುತ್ತಾರೆ. ಆಷಾಢದಲ್ಲಿ ಮನೆಗೆ ಸಾಮಾನು ತರಬಾರದು ಅನ್ನುವವರು ಮುಂಗಡ ಕೊಟ್ಟು ಶ್ರಾವಣದಲ್ಲಿ ತರಿಸಿಕೊಳ್ಳಲಿ. ಬೆಲೆ ಮಾತ್ರ ಆಷಾಢದ್ದೇ ಇರಲಿ. ವಿದ್ಯಾನಗರ, ಎಂಸಿಸಿ ಬ್ಲಾಕ್ ಕಡೆ ಓದು ಮುಗಿಸಿ ರೂಮು ಖಾಲಿ ಮಾಡುವ ಹುಡುಗರ ಹತ್ತಿರ ಕಬ್ಬಿಣದ ಮಂಚ, ಕುರ್ಚಿ ಅಗ್ಗಕ್ಕೆ ಸಿಗುತ್ತವೆ. ಅವರ ಓದುವ ಟೇಬಲ್ ಬೇಡ. ಅದು ಮರದ ಹೊಟ್ಟು ಅಂಟಿಸಿ ಮಾಡಿದ ಹಲಗೆಯಾದರೆ ನೆಲ ಒರೆಸಿದ ನೀರು ಕುಡಿದು ಬುಡ ಉಬ್ಬಿರುತ್ತದೆ, ಸ್ಕ್ರೂ ಮತ್ತೆ ಹಿಡಿಯುವುದಿಲ್ಲ.

ನೋಡುವುದಾದರೆ ಹಗಲಲ್ಲೇ ಹೋಗಿ, ಟಾರ್ಚೂ ಜೊತೆಗಿರಲಿ. ಮುಂಭಾಗಕ್ಕೆ ಪಾಲಿಶ್ ಹೊಡೆದಿರುತ್ತಾರೆ, ಅದನ್ನು ನೋಡಿ ಉಪಯೋಗವಿಲ್ಲ. ಟೇಬಲ್ ಮಗುಚಿ ಹಾಕಿಸಿ. ಅಡಿಯಲ್ಲಿ ಪಾಲಿಶ್ ಕಾಣದ ಜಾಗದಲ್ಲಿ ಪಿನ್ನಿನಿಂದ ಗೀರಿ: ಒಳಗೂ ಹೊಂಬಣ್ಣದ ಕಂದು, ಕೈಗೆ ಸ್ವಲ್ಪ ಎಣ್ಣೆ ಜಿಡ್ಡು ಅನ್ನಿಸಿದರೆ ಸಾಗುವಾನಿ ಇರಬಹುದು, ಬೆಳ್ಳಗೆ ಬಂದರೆ ಸಿಲ್ವರ್ ಓಕಿಗೋ ಬೇರೆ ಹಗುರ ಮರಕ್ಕೋ ಬಣ್ಣ ಬಳಿದದ್ದು, ಇಲ್ಲವೇ ಚೇಗು, ಅಂದರೆ ಒಳಗಿನ ಗಟ್ಟಿ ತಿರುಳು, ಇಲ್ಲದ ಹೊರಗಿನ ಬಿಳಿ ಭಾಗ. ಮೇಲ್ಮೈಯ ಗೆರೆ ಅಂಚಿನಲ್ಲಿ ಕೆಳಗಿಳಿಯದೆ ಅಲ್ಲೇ ತುಂಡಾದರೆ ಅದು ಪ್ಲೈವುಡ್ಡಿಗೆ ತೆಳು ಪದರ ಅಂಟಿಸಿದ್ದು.

ಹುಳುವಿಗೆ ಅಂಜುವವರು ಸುಮ್ಮನೆ ಒಳ್ಳೇ ಸಾಮಾನು ಬಿಟ್ಟು ಬರುತ್ತಾರೆ. ಕೆಳಗೆ ಪೇಪರ್ ಹಾಸಿ ಕಾಲನ್ನು ಗಟ್ಟಿಯಾಗಿ ತಟ್ಟಿ. ಹಿಟ್ಟಿನಂಥ ಬಿಳಿ ಪುಡಿ ಉದುರಿದರೆ ಕುಟ್ಟೆ ಹುಳು ಇನ್ನೂ ಜೀವಂತ ಇರಬಹುದು, ತರಬೇಡಿ. ತೂತು ಕಪ್ಪಾಗಿ, ಪುಡಿ ಬೀಳದೆ, ಬಿಳಿ ಅಂಚಿನಲ್ಲಷ್ಟೇ ಇದ್ದರೆ ಹಳೇ ಕಥೆ; ಅದನ್ನೇ ತೋರಿಸಿ ಬೆಲೆ ಇಳಿಸಿ. ಮಣ್ಣಿನ ಗೆರೆ ಕಂಡು ಮರ ಟೊಳ್ಳಾಗಿ ಕೇಳಿಸಿದರೆ ಗೆದ್ದಲು. ಮಂಚದ ಸಂದಿಯಲ್ಲಿ ಕರಿ ಚುಕ್ಕೆ ಇದ್ದರೆ ತಿಗಣೆ. ಹಳೇ ಹಾಸಿಗೆಯನ್ನಂತೂ ಪುಕ್ಕಟೆ ಕೊಟ್ಟರೂ ಬೇಡ.

ಚೌಕಾಸಿಗೆ ಸಿಎಫ್‌ಟಿ, ಅಂದರೆ ಮರ ಎಷ್ಟು ಘನ ಅಡಿ ಅನ್ನುವ ಲೆಕ್ಕ ಗೊತ್ತಿರಬೇಕು. ಉದ್ದ, ಅಗಲ, ದಪ್ಪ ಮೂರನ್ನೂ ಇಂಚಿನಲ್ಲಿ ಗುಣಿಸಿ 1728ರಿಂದ ಭಾಗಿಸಿ. 5 ಅಡಿಗೆ 3 ಅಡಿ, 1 ಇಂಚು ದಪ್ಪದ ಟೇಬಲ್ಲಿನ ಮೇಲ್ಹಲಗೆ 1.25 ಘನ ಅಡಿ; 3 ಇಂಚು ಚೌಕದ, 30 ಇಂಚು ಎತ್ತರದ ನಾಲ್ಕು ಕಾಲು 0.625, ಹಲಗೆಯಡಿಯ ಪಟ್ಟಿ ಸೇರಿ ಒಟ್ಟು ಸುಮಾರು ಎರಡೂಕಾಲು ಘನ ಅಡಿ. ಸಾಮಿಲ್ಲಿನಲ್ಲಿ ಅದೇ ಮರದ ದರ ವಿಚಾರಿಸಿಕೊಂಡು ಹೋಗಿ. ಮರದ ಬೆಲೆಯಷ್ಟಕ್ಕೇ ಸಿಕ್ಕಿತೆಂದರೆ ಕೂಲಿ, ಪಾಲಿಶ್ ಪುಕ್ಕಟೆ ಬಂದ ಹಾಗೆ.

ಕಬ್ಬಿಣದ ಬೀರುವಿಗೆ ಆಯಸ್ಕಾಂತ ಸಾಕು: ಬುಡದಲ್ಲಿ ಅಂಟದ ಕಡೆ ತುಕ್ಕು ತಿಂದ ತೂತಿಗೆ ಪುಟ್ಟಿ ತುಂಬಿದ್ದಾರೆ. ಲಾಕರಿನ ಎರಡೂ ಕೀಲಿ ಕೈಗೆ ಬಂದ ಮೇಲೇ ದುಡ್ಡು ಕೊಡಿ.

ಕುರ್ಚಿಯ ಕಾಲು ಅಲುಗಾಡಿದರೆ ಹೆದರಬೇಡಿ, ಮೊಳೆಯನ್ನೂ ಹೊಡೆಯಬೇಡಿ. ಮೊಳೆ ಮರ ಸೀಳುತ್ತದೆ. ಜಾಯಿಂಟು ಬಿಚ್ಚಿ ಹಳೇ ಗೋಂದನ್ನು ಪೂರ್ತಿ ಕೆರೆದು ತೆಗೆಯಿರಿ, ಅದರ ಮೇಲೆ ಹೊಸದು ಹಿಡಿಯುವುದಿಲ್ಲ. ಫೆವಿಕಾಲ್ ಹಚ್ಚಿ ಕೂಡಿಸಿ, ನಾಲ್ಕೂ ಕಾಲಿಗೆ ಹಗ್ಗ ಸುತ್ತಿ, ನಡುವೆ ಕೋಲು ತೂರಿಸಿ ತಿರುವಿ ಬಿಗಿಮಾಡಿ, 24 ಗಂಟೆ ಮುಟ್ಟಬೇಡಿ. ಹಗ್ಗದಡಿ ಗೋಣಿಚೀಲದ ತುಂಡು ಇಟ್ಟರೆ ಪಾಲಿಶ್ ಕೆರೆಯುವುದಿಲ್ಲ.